ಮನೆ ಮಾರಲು ಒಳ್ಳೆಯ ತಿಂಗಳು

ಯಜಮಾನರು ತೀರಿಕೊಂಡ ವರ್ಷದ ದೀಪಾವಳಿಗೆ, ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆ ಮಾರುತ್ತೇನೆ ಎಂದು ಅವರ ಅಣ್ಣತಮ್ಮಂದಿರಿಗೆ ಹೇಳಿದೆ. ಹೇಳಬೇಕಾದ ಅಗತ್ಯವೇನೂ ಇರಲಿಲ್ಲ. ನಮ್ಮಿಬ್ಬರ ಸಂಬಳದಲ್ಲಿ ಕಟ್ಟಿದ ಮನೆ, ನನ್ನ ಹೆಸರಿನಲ್ಲಿತ್ತು. ನಮಗೆ ಮಕ್ಕಳಿಲ್ಲ. ಹಿರಿಯರಿಗೆ ಒಂದು ಮಾತು ಹೇಳುವುದು ಪದ್ಧತಿ ಅಂತ ಹೇಳಿದೆ, ಅಷ್ಟೇ.

ನಾನು ಕುರುಗೋಡಿನ ಸಾಲಿಯಲ್ಲಿ ಟೀಚರು. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬರುವುದು ಮೊಣಕಾಲಿಗೆ ಆಗುತ್ತಿರಲಿಲ್ಲ. ಸಾಲಿಯ ಗೇಟಿನ ಪಕ್ಕದಲ್ಲೇ ಎರಡು ಖೋಲಿಯ ಮನೆಯಿತ್ತು. ಮುಂದೆ ಬೇವಿನ ಗಿಡ. ಅದರ ಒಡತಿ, ಒಬ್ಬ ಅಜ್ಜಿ, ಮಗಳ ಊರಿಗೆ ಹೋಗುವ ಆಲೋಚನೆಯಲ್ಲಿದ್ದಳು. ‘ಕೊಟ್ರ ನಿನಗ ಕೊಡತೀನಿ ಟೀಚರಮ್ಮ, ಲಗೂನ ಬಾ’ ಅಂದಿದ್ದಳು. ಬಳ್ಳಾರಿಯದು ಮಾರದೆ ಅದನ್ನು ಕೊಳ್ಳುವಂತಿರಲಿಲ್ಲ.

ಯಜಮಾನರ ಊರು ಸಿರಿಗೇರಿಯಿಂದ ಭಾವ ಬಂದರು. ‘ವರ್ಷ ತುಂಬಲಿ ಯವ್ವಾ. ಅಲ್ಲೀತನಕ ಮನಿ ತಂಟೆಕ ಹೋಗಬಾರದು, ಸತ್ತವರ ಜೀವ ಇಲ್ಲೇ ಸುತ್ತತಿರತೈತಿ’ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮಣ್ಣು ಮಾಡಿ ಬಂದ ದಿನ, ಒಲೆ ಹಚ್ಚಬಹುದೋ ಇಲ್ಲವೋ ಎಂದು ಪಕ್ಕದ ಮನೆಯಾಕೆ ಅನುಮಾನಿಸಿದಾಗ, ‘ನಾವು ಲಿಂಗ ಕಟ್ಟಿದವರು, ನಮಗ ಸೂತಕ ಇಲ್ರಿ’ ಎಂದು ಹೇಳಿ ಚಹಾ ತರಿಸಿ ಕುಡಿದವರು ಇದೇ ಭಾವ. ಚಹಾಕ್ಕೆ ಇಲ್ಲದ ಸೂತಕ ನನ್ನ ಮನೆಗೆ ಎಲ್ಲಿಂದ ಬಂತು? ಬಾಯಿಗೆ ಬಂದದ್ದನ್ನು ನುಂಗಿದೆ. ನಮ್ಮಲ್ಲಿ ಭಾವನ ಎದುರು ಹೆಣ್ಣುಮಕ್ಕಳು ದನಿ ಏರಿಸುವುದಿಲ್ಲ.

ವರ್ಷ ತುಂಬಿತು. ಹಿಂದಿನ ಓಣಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಒಬ್ಬರು ಮನೆ ಕೇಳಿಕೊಂಡು ಬಂದರು. ಭಾವ ಫೋನಿನಲ್ಲಿ, ‘ಧನುರ್ಮಾಸ ಬಂತಲ್ಲವಾ’ ಎಂದರು. ಅದೂ ಕಳೆಯಿತು. ‘ಯುಗಾದಿಗೆ ಹೊಸ ಪಂಚಾಂಗ ಬರಲಿ.’ ಬಂತು. ಆಮೇಲೆ ಅವರ ಬೀಗರ ಮನೆಯ ಮದುವೆ, ಅದು ಮುಗಿಯುವಷ್ಟರಲ್ಲಿ ಆಷಾಢ. ಅತ್ತ ಕುರುಗೋಡಿನ ಅಜ್ಜಿ ನಾನು ಸಾಲಿಗೆ ಹೋಗುವಾಗೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ‘ಯಾವಾಗವಾ?’ ಅವಳಿಗೆ ಏನೆಂದು ಹೇಳಲಿ? ಕೊನೆಕೊನೆಗೆ ಆ ಗೇಟು ಬಿಟ್ಟು ಹಿಂದಿನ ಗೇಟಿನಿಂದ ಹೋಗತೊಡಗಿದೆ.

ಆ ಆಷಾಢದಲ್ಲೇ ಮೈದುನ ಹೆಂಡತಿಯನ್ನು ಕರೆದುಕೊಂಡು ಬಂದ. ಬರುವುದು ಹೊಸದಲ್ಲ. ದವಾಖಾನೆ, ಕೋರ್ಟು, ಮದುವೆಯ ಜವಳಿ, ಯಾವ ಕೆಲಸಕ್ಕೆ ಬಂದರೂ ಸಿರಿಗೇರಿಯವರು ಇಳಿಯುವುದು ನಮ್ಮ ಮಹಡಿಯಲ್ಲಿ. ಬಿಸಿನೀರು, ರೊಟ್ಟಿ, ಹಾಸಿಗೆ ಎಲ್ಲ ನನ್ನ ಪಾಲಿನದು. ಮರುದಿನ ಗಂಡಹೆಂಡತಿ ಎಲ್ಲಿಗೋ ಹೋಗಿ ಮಧ್ಯಾಹ್ನ ಪೇಡೆಯ ಡಬ್ಬಿ ಹಿಡಿದು ಬಂದರು.

‘ಬೈಪಾಸ್ ಕಡೆ ಒಂದು ಸೈಟು ತಗೊಂಡ್ವಿ ಅತ್ತಿಗಿ. ಇವತ್ತು ರಿಜಿಸ್ಟ್ರಿ ಆತು.’

‘ಆಷಾಢದಾಗ?’

‘ತಗೊಳ್ಳಾಕ ಅಡ್ಡಿ ಇಲ್ಲ ಅತ್ತಿಗಿ. ಮಾರಾಕ ಬರಂಗಿಲ್ಲ.’

‘ನಿಮಗ ಮಾರಿದವರು ಯಾವ ಮಾಸದಾಗ ಮಾರಿದ್ರು?’

ಮೈದುನ ಇನ್ನೊಂದು ಪೇಡೆ ಬಾಯಿಗೆ ಹಾಕಿಕೊಂಡ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಅಂತ ನಮ್ಮವ್ವ ಅನ್ನುತ್ತಿದ್ದಳು. ಆ ಬದನೇಕಾಯಿಯನ್ನು ಇಷ್ಟು ದಿನ ನಾನೇ ಎಣ್ಣೆಗಾಯಿ ಮಾಡಿ ಬಡಿಸಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಅವರು ಬಸ್ಸು ಹತ್ತಿದ ಮೇಲೆ ನೇರವಾಗಿ ಹಿಂದಿನ ಓಣಿಗೆ ಹೋದೆ. ಜೀನ್ಸಿನವರು, ಮಹಡಿಗೆ ಮಷೀನು ಏರಿಸುವುದು ಹೇಗೆ ಎಂಬುದೊಂದನ್ನೇ ಕೇಳಿದರು, ತಿಂಗಳು ಯಾವುದೆಂದು ಕೇಳಲಿಲ್ಲ. ಆಷಾಢ ಮುಗಿಯುವುದರೊಳಗೆ ನಾನೂ ರಿಜಿಸ್ಟ್ರಿ ಕಚೇರಿಗೆ ಹೋದೆ. ಕೆಟ್ಟ ತಿಂಗಳೆಂದು ಕಚೇರಿ ಖಾಲಿ ಇರುತ್ತದೆ ಅಂದುಕೊಂಡಿದ್ದೆ. ಕೂರಲು ಬೆಂಚು ಸಿಗಲಿಲ್ಲ. ಕೊಳ್ಳುವವರು, ಮಾರುವವರು, ಊರೆಲ್ಲ ಅಲ್ಲೇ ಇತ್ತು.

ಸಹಿ ಹಾಕಿದ ಮರುದಿನ ಕುರುಗೋಡಿನಲ್ಲಿ ಮುಂದಿನ ಗೇಟಿನ ಕಡೆ ಬಸ್ಸಿಳಿದೆ. ಬೇವಿನ ಗಿಡ ಕಡಿದಿದ್ದರು. ಅಂಗಳದಲ್ಲಿ ಯಾರದೋ ಉಸುಕಿನ ಗುಡ್ಡೆ. ಅಜ್ಜಿ ಹಿಂದಿನ ವಾರವೇ ಬೇರೆಯವರಿಗೆ ಬರೆದುಕೊಟ್ಟು ಹೋಗಿದ್ದಳು. ಹೋಗುವಾಗ ಸಾಲಿಯ ಆಯಾ ಹತ್ತಿರ, ‘ಟೀಚರಮ್ಮಗ ನಮ್ಮ ಮನಿ ಮನಸಿಗೆ ಬರಲಿಲ್ಲ ಕಾಣಿಸ್ತೈತಿ’ ಅಂದಳಂತೆ. ಆಕೆ ಹಾಗೆ ತಿಳಿದುಕೊಂಡು ಹೋದದ್ದು ನನಗೆ ಮನೆ ತಪ್ಪಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಆ ದಿನ ಪಾಠ ಮಾಡಲಾಗಲಿಲ್ಲ. ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಕಿಟಕಿಯ ಕಡೆ ಮುಖಮಾಡಿ ಕೂತೆ.

ಕುರುಗೋಡಿನಲ್ಲೇ ದೇವಸ್ಥಾನದ ಹಿಂದೆ ಒಂದು ಬಾಡಿಗೆ ಖೋಲಿ ಸಿಕ್ಕಿತು. ಅಲ್ಲಿಂದ ಸಾಲಿಗೆ ಕಾಲೆಳೆದುಕೊಂಡೇ ಹೋಗಬೇಕು.

ಪಾತ್ರೆ ಪಗಡೆ ಚೀಲಕ್ಕೆ ತುಂಬುತ್ತಿದ್ದ ದಿನ ಭಾವ ಸತ್ಯನಾರಾಯಣಪೇಟೆಗೆ ಬಂದರು. ಕಟ್ಟೆಯ ಮೇಲೆ ಕುಳಿತು, ಖಾಲಿಯಾದ ಮಹಡಿಯನ್ನು ಬಹಳ ಹೊತ್ತು ನೋಡಿದರು. ತಮ್ಮನ ನೆನಪಾಯಿತೇನೋ ಎಂದು ನನ್ನ ಸಿಟ್ಟೂ ಸ್ವಲ್ಪ ಇಳಿಯಿತು. ನೀರು ಕೊಟ್ಟೆ. ಕುಡಿದು ತಂಬಿಗೆ ಕೆಳಗಿಟ್ಟು ಕೇಳಿದರು:

‘ಅಲ್ಲವಾ, ಇನ್ನ ನಾವು ಬಳ್ಳಾರಿಗೆ ಬಂದ್ರ ಎಲ್ಲಿ ಇಳಕೊಳ್ಳೋದು?’

ತಮ್ಮ ಸತ್ತಾಗಿನಿಂದ ಅಲ್ಲಿಯವರೆಗೆ, ನೀನು ಎಲ್ಲಿರತೀ ಎಂದು ಆ ಮನುಷ್ಯ ಒಂದು ಸಲವೂ ಕೇಳಿರಲಿಲ್ಲ. ಮೊದಲ ಸಲ ಅವರ ಮುಖವನ್ನೇ ನೋಡುತ್ತ ಮಾತಾಡಿದೆ.

‘ಕುರುಗೋಡಿನಾಗ ನನ್ನದೊಂದು ಖೋಲಿ ಐತ್ರಿ. ಬರ್ರಿ. ಆದ್ರ ವರ್ಷ ತುಂಬಲಿ.’