ಪಟ್ಟಿ ಸಾಹೇಬರು ಕೊಟ್ಟ ಮಾತು

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದ ಅವರಿಗೆ ಪಟ್ಟಿ ಸಾಹೇಬರು ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಎರಡು ಸೋಪು ತರಲು ಹೊರಟರೂ ಚೀಟಿಯಲ್ಲಿ ‘ಸೋಪು, ಎರಡು’ ಎಂದು ಬರೆದುಕೊಳ್ಳುವ ಆಸಾಮಿ. ನಿವೃತ್ತರಾದ ಮೇಲೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಅಂಟಿಸತೊಡಗಿದಾಗ ಹೆಂಡತಿ ಕೈಮುಗಿದಳು. “ನಿಮ್ಮ ದಮ್ಮಯ್ಯ, ಹೊರಗೆ ಹೋಗಿ ಯಾರಿಗಾದ್ರೂ ಉಪಕಾರ ಮಾಡಿ.”

ಹಾಗೆ ಅವರು ಬೀದಿ ಕೊನೆಯ ಸರ್ಕಾರಿ ಶಾಲೆ ಹೊಕ್ಕರು. ಯೋಜನೆ ಸರಳವಾಗಿತ್ತು: ಒಂದು ಮಗುವಿಗೆ ಜೊತೆಗಾರರಾಗಿ ಒಬ್ಬ ದೊಡ್ಡವರು, ಪ್ರತಿ ಶನಿವಾರ ಒಂದು ಗಂಟೆ ಹೊತ್ತು ಓದಿಗೆ ನೆರವು, ಸಂಬಳವಿಲ್ಲ. ಹೆಡ್‌ಮೇಡಂ ಒಪ್ಪಿದರು. ಸಾಹೇಬರು ತಾವೇ ಗೆರೆ ಎಳೆದು ಫಾರಂ ಮಾಡಿದರು. ಕೊನೆಯ ಕಾಲಂ ‘ವಿದ್ಯಾರ್ಥಿಯ ಕಷ್ಟ’. ಒಬ್ಬೊಬ್ಬರನ್ನೇ ಕರೆದು ಕೇಳಿ, ದುಂಡು ಅಕ್ಷರದಲ್ಲಿ ತಾವೇ ತುಂಬಿದರು.

ಏಳನೇ ಕ್ಲಾಸಿನ ಒಬ್ಬ ಹುಡುಗಿ, ಇಸ್ತ್ರಿ ಅಂಗಡಿಯಾಕೆಯ ಮಗಳು, ಬಹಳ ಹೊತ್ತು ಬೆಂಚಿನ ಅಂಚು ಕೆರೆಯುತ್ತ ಕೂತಳು.

“ಯಾರಿಗೂ ಹೇಳಲ್ಲ ತಾನೆ, ತಾತ?”

“ನನ್ನಾಣೆ, ಹೇಳಲ್ಲ.”

“ನಂಗೆ ಓದೋಕೆ ಬರಲ್ಲ. ದಿನಾ ಸಂಜೆ ಅಮ್ಮ ಪಾಠ ಓದು ಅಂತಾಳೆ. ಪುಸ್ತಕ ಮುಂದಿಟ್ಕೊಂಡು ಏನೋ ಒಂದು ಕಟ್ಟಿ ಹೇಳ್ತೀನಿ. ಅಮ್ಮಂಗೂ ಅಕ್ಷರ ಬರಲ್ಲ, ಗೊತ್ತಾಗಲ್ಲ. ಚೆನ್ನಾಗಿದೆ ಅಂತಾಳೆ.”

ಸಾಹೇಬರು ಒಂದು ಮಾತೂ ಬಿಡದೆ ಬರೆದುಕೊಂಡರು.

ಜೊತೆಗಾರರಾಗಬಲ್ಲವರ ಸಭೆಗೆ ಹದಿನಾಲ್ಕು ಜನ ಬಂದರು. ಬ್ಯಾಂಕಿನವರು, ಔಷಧಿ ಅಂಗಡಿಯವರು, ಒಬ್ಬ ದರ್ಜಿ. ಸಾಹೇಬರು ಮುಕ್ಕಾಲು ಗಂಟೆ ವಿವರಿಸಿದರು. ತಲೆ ಆಡಿಸಿದವರು ಎಲ್ಲರೂ, ಕೈ ಎತ್ತಿದವರು ಇಬ್ಬರೇ. ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದುಕೊಂಡರು. ಆಗ ಆ ಹುಡುಗಿಯ ಫಾರಂ ಹೊರಗೆಳೆದರು. ಹೆಸರು ಹೇಳದಿದ್ದರಾಯಿತು ಎಂದು ತಮಗೆ ತಾವೇ ಪರವಾನಗಿ ಕೊಟ್ಟುಕೊಂಡು ಓದಿದರು. ಓದುವಾಗ ಬೇಕೆಂದೇ ದನಿ ತುಸು ನಡುಗಿಸಿದರು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಔಷಧಿ ಅಂಗಡಿಯವರು ಕಣ್ಣೊರೆಸಿಕೊಂಡರು. ಹದಿನಾಲ್ಕೂ ಕೈಗಳು ಮೇಲೆದ್ದವು.

ಶನಿವಾರ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಬಂದವರು ಒಬ್ಬರಾದ ಮೇಲೊಬ್ಬರು ಕೇಳಿದ್ದು ಒಂದೇ ಮಾತು.

“ಅಮ್ಮಂಗೆ ಸುಳ್ಳು ಪಾಠ ಓದ್ತಾಳಲ್ಲ, ಆ ಹುಡುಗಿ ಯಾರು? ನಂಗೆ ಅವಳನ್ನೇ ಕೊಡಿ.”

ಮೂರನೆಯವರು ಕೇಳುವ ಹೊತ್ತಿಗೆ ಸಾಲಿನಲ್ಲಿ ಗುಸುಗುಸು ಎದ್ದಿತ್ತು. ಹುಡುಗಿ ಸಾಹೇಬರ ಮುಖವನ್ನು ಒಂದು ಸಲ ನೋಡಿದಳು, ಚೀಲ ಹೆಗಲಿಗೇರಿಸಿದಳು, ಗೇಟು ದಾಟಿದಳು. ಆಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂಬತ್ತು ದಿನ ಸಾಹೇಬರು ಇಸ್ತ್ರಿ ಅಂಗಡಿಯ ಬೀದಿ ತಪ್ಪಿಸಿ ಕಳ್ಳನ ಹಾಗೆ ಸುತ್ತು ಹಾಕಿ ಓಡಾಡಿದರು. “ಅರವತ್ತು ದಾಟಿದ ಗಂಡಸಿಗೆ ತಪ್ಪಾಯ್ತು ಅನ್ನೋಕೆ ಒಂದು ಪಟ್ಟಿ ಬೇಕಾ?” ಎಂದು ಹೆಂಡತಿ ಚುಚ್ಚಿದ ಮೇಲೆ ಹತ್ತನೆಯ ದಿನ ಹೋದರು.

ತಾಯಿ ಅಂಗಿಯ ಕಾಲರು ತಿಕ್ಕುತ್ತಿದ್ದಳು. ಮಗಳು ಗಿರಾಕಿಗಳ ಬಟ್ಟೆ ಕೊಡಲು ಹೋಗಿದ್ದಾಳೆ, ಹೊಟ್ಟೆನೋವೆಂದು ಶಾಲೆ ಬಿಟ್ಟು ಕೂತಿದ್ದಾಳೆ ಎಂದಳು. ಸಾಹೇಬರು ಎಲ್ಲವನ್ನೂ ಒಪ್ಪಿಕೊಂಡರು: ಆಣೆ, ಸಭೆ, ನಡುಗಿಸಿದ ದನಿ.

“ಅವಳು ಕಟ್ಟಿ ಹೇಳೋದು ನಂಗೆ ಮೊದ್ಲೇ ಗೊತ್ತು ಬಿಡಿ, ಸಾರ್,” ತಾಯಿ ದನಿ ತಗ್ಗಿಸಿದಳು. “ಅರ್ಧ ಗಂಟೆ ಓದಿದ್ರೂ ಪುಟ ತಿರುಗಿಸ್ತಿರ್ಲಿಲ್ಲ. ಅಕ್ಷರ ಬರದಿದ್ರೆ ಕಣ್ಣೂ ಇಲ್ವಾ ನಂಗೆ? ದಿನವೆಲ್ಲ ನಿಂತು ಬಂದೋಳಿಗೆ ಬೇಜಾರಾಗ್ಬಾರ್ದು ಅಂತ ದಿನಕ್ಕೊಂದು ಕಟ್ತಿದ್ಲು, ಪಾಪ. ಅದಕ್ಕೇ ಚೆನ್ನಾಗಿದೆ ಅಂತಿದ್ದೆ. ನಂಗೆ ಗೊತ್ತು ಅನ್ನೋದನ್ನ ಮಾತ್ರ ಅವಳಿಗೆ ಹೇಳ್ಬೇಡಿ.”

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ತಾಯಿಯ ಕಣ್ಣು ಅವರ ಬೆನ್ನ ಹಿಂದೆ ಹೋಗಿ ನಿಂತಿತು. ಖಾಲಿ ಬುಟ್ಟಿ ಹಿಡಿದು ಹುಡುಗಿ ಬಾಗಿಲಲ್ಲಿದ್ದಳು. ಎಷ್ಟು ಹೊತ್ತಿನಿಂದಲೋ.

“ಅಷ್ಟು ದಿನವೂ ಗೊತ್ತಿತ್ತಾ, ಅಮ್ಮಾ?”

ತಾಯಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟಳು. ತಪ್ಪೊಪ್ಪಿಕೊಂಡು ಮನಸ್ಸು ಹಗುರ ಮಾಡಿಕೊಳ್ಳಲು ಬಂದ ಸಾಹೇಬರು, ಆ ಮನೆಯಲ್ಲಿ ಉಳಿದಿದ್ದ ಇನ್ನೊಂದು ಗುಟ್ಟನ್ನೂ ರಟ್ಟು ಮಾಡಿಸಿದ್ದರು. ಹುಡುಗಿಯ ಪಕ್ಕದಿಂದ ತಲೆ ತಗ್ಗಿಸಿ ಹೊರಬಿದ್ದರು. ಅವಳು ಅವರಿಗೆ ದಾರಿ ಬಿಟ್ಟು ನಿಂತಳು.