ಆರಾಮ ಅದೀನ್ರಿ

ನಮ್ಮ ಕಲಬುರಗಿ ಕಡೆ ಯಾರಾದರೂ "ಹೆಂಗ ಅದೀರಿ" ಎಂದು ಕೇಳಿದರೆ ಉತ್ತರ ಒಂದೇ: "ಆರಾಮ ಅದೀನ್ರಿ." ಜ್ವರ ಬಂದಿದ್ದರೂ ಆರಾಮ, ಮನೆಯಲ್ಲಿ ಜಗಳವಾಗಿದ್ದರೂ ಆರಾಮ. ನಮ್ಮ ಗೋಳನ್ನು ಕೇಳಿದವರ ತಲೆಗೆ ಕಟ್ಟಬಾರದು ಎಂದು ಹಿರಿಯರು ಕಲಿಸಿದ್ದು. ನನ್ನ ಗಂಡನಿಗೆ ಅದು ರಕ್ತದಲ್ಲೇ ಇಳಿದಿತ್ತು. ಹೈದರಾಬಾದಿಗೆ ಬಂದು, ಸನತ್‌ನಗರದ ಕಾರ್ಖಾನೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದು, ತೆಲುಗು ಉರ್ದು ಎರಡನ್ನೂ ಕಲಿತರು. ಯಾವ ಭಾಷೆಯಲ್ಲಿ ಕೇಳಿದರೂ ಆರಾಮ ಎಂದೇ ಹೇಳುತ್ತಿದ್ದರು.

ನಲವತ್ತು ದಾಟಿದ ಮೇಲೆ ಅವರಿಗೆ ಉಬ್ಬಸ ಹತ್ತಿತು. ನಾವು ದಮ್ಮು ಅನ್ನುತ್ತೇವೆ. ಮೊದಲು ತೋರಿಸಿದ್ದು ಗಲ್ಲಿಯ ಡಾಕ್ಟರಿಗೆ. ಒಳ್ಳೆಯ ಮನುಷ್ಯ, ಆದರೆ ಅವರು ಕೊಡುತ್ತಿದ್ದದ್ದು ಇಂಜೆಕ್ಷನ್ ಒಂದೇ. ಏದುತ್ತ ಹೋದವರು ಚುಚ್ಚಿಸಿಕೊಂಡು ನಗುತ್ತ ಬರುತ್ತಿದ್ದರು. "ಕೈಗುಣ ಭಾಳ ಛಲೋ ಐತಿ" ಎಂದು ಗಲ್ಲಿಯವರೆಲ್ಲ ಹೊಗಳುತ್ತಿದ್ದರು. ದಮ್ಮು ಇಲ್ಲದ ದಿನವೂ ಔಷಧಿ ತಗೋಬೇಕಾದ ರೋಗ ಇದು ಎಂದು ಆತ ಒಮ್ಮೆಯೂ ಹೇಳಲಿಲ್ಲ, ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಆಮೇಲೆ ಕೊಂಡಾಪುರದಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗಳು ಅಲ್ಲಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಮ್ಮವರು ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಎದೆ ಸೆಟೆಸಿ ಕೂತರು. ಡಾಕ್ಟರು ಕಂಪ್ಯೂಟರ್ ನೋಡುತ್ತಲೇ "ಎಲಾ ಉನ್ನಾರು?" ಎಂದು ತೆಲುಗಿನಲ್ಲಿ ವಿಚಾರಿಸಿದರು.

"ಬಾಗುನ್ನಾನು ಸಾರ್," ಅಂದರು ಇವರು. ಆರಾಮ ಇದ್ದಾರಂತೆ! ಹಿಂದಿನ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ ಮನುಷ್ಯ. ನಾನು ಬಾಯಿ ತೆರೆದೆ. "ಪೇಷಂಟ್ ಹೇಳಲಿ ಅಮ್ಮಾ," ಎಂದು ಡಾಕ್ಟರು ತಡೆದರು. ಔಷಧಿಯನ್ನು ಉಸಿರಿನ ಜೊತೆ ಬಾಯಿಂದ ಎಳೆದುಕೊಳ್ಳುವ ಎರಡು ಪಂಪ್ ಬರೆದುಕೊಟ್ಟರು, ಒಂದು ದಿನಾ ಎಳೆಯುವುದು, ಇನ್ನೊಂದು ದಮ್ಮು ಹತ್ತಿದಾಗ. ಯಾವುದು ಯಾವುದಕ್ಕೆ ಎಂದು ತಿಳಿಸುವ ಮೊದಲೇ ಮುಂದಿನವರ ಹೆಸರು ಕೂಗಿದ್ದಾಯಿತು.

ಹೊರಗೆ ಬಂದು ನಾನು ಜಗಳ ತೆಗೆದೆ. "ಖರೆ ಹೇಳಾಕ ಏನ್ ಧಾಡಿ ನಿಮಗ? ಹಾಡಿದ್ದೇ ಹಾಡೋ ಕಿಸಬಾಯಿ ದಾಸ, ಆರಾಮ ಆರಾಮ!"

"ಅಷ್ಟು ದೊಡ್ಡ ಮನುಷ್ಯಾ ಕೇಳಾಕತ್ತಾನ, ಅವನ ಮುಂದ ಅಳಕೋತ ಕೂಡಬೇಕೇನು?" ಅಂದರು.

ಮನೆಯಲ್ಲಿ ಎರಡೂ ಪಂಪನ್ನು ದಮ್ಮು ಹತ್ತಿದಾಗಲೇ ತಗೊಂಡರು, ಅದೂ ಬಚ್ಚಲಮನೆಯ ಬಾಗಿಲು ಹಾಕಿಕೊಂಡು. ಪಂಪ್ ಹಿಡಿದವನ ಕಥೆ ಮುಗಿಯಿತು ಅಂತ ನಮ್ಮ ಮಂದಿ ತಿಳಿಯುತ್ತಾರೆ. ಮಳೆಗಾಲದಲ್ಲಿ ಒಂದು ದಿನ ತುಟಿ ನೀಲಿಯಾಗಿ, ಸರಕಾರಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು. ಹೇಗಿದ್ದೀರಿ ಎಂದು ಅವರು ಕೇಳಲೇ ಇಲ್ಲ. ಮಂಚದ ಅಂಚಿಗೆ ಕೂತು, "ಮನೆಯಲ್ಲಿ ರಾತ್ರಿ ಮಲಗ್ತೀರಾ, ಕೂತಿರ್ತೀರಾ?" ಅಂದರು. ನಮ್ಮವರು ತಬ್ಬಿಬ್ಬಾದರು. ಅದಕ್ಕೆ ಆರಾಮ ಎನ್ನಲು ಬರುವುದಿಲ್ಲವಲ್ಲ.

"ಕೂತಿರ್ತೀನಿ," ಅಂದರು, ಮೆಲ್ಲಗೆ.

"ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ತೀರಿ? ಹಾಲು ತರೋಕೆ ಈಗ ಯಾರು ಹೋಗ್ತಾರೆ?" ಒಂದೊಂದಾಗಿ ಎಲ್ಲ ಹೊರಬಿತ್ತು. ನನಗೂ ಗೊತ್ತಿರದ ಸಂಗತಿಗಳಿದ್ದವು. ಕಾರ್ಖಾನೆಯಲ್ಲಿ ಗೆಳೆಯರು ಇವರ ಪಾಲಿನ ಭಾರ ಎತ್ತುತ್ತಿದ್ದರಂತೆ. ಕಡೆಗೆ ಡಾಕ್ಟರಮ್ಮ ಪಂಪ್ ಕೈಗೆ ಕೊಟ್ಟು, ತಗೊಂಡು ತೋರಿಸಿ ಅಂದರು. ಇವರು ಸೆಂಟು ಹೊಡೆದುಕೊಂಡ ಹಾಗೆ ಪುಸ್ ಅನ್ನಿಸಿದರು. ಔಷಧಿಯೆಲ್ಲ ತುಟಿಯ ಸಂದಿಯಿಂದ ಹೊರಗೆ ಹೋಯಿತು.

"ಇದುವರೆಗೆ ಯಾರೂ ತೋರಿಸಿಕೊಡಲಿಲ್ವಾ?" ಎಂದು ಅವರು ಕೇಳಿದರು. ಉಸಿರು ಪೂರ್ತಿ ಬಿಡುವುದು, ತುಟಿ ಬಿಗಿ ಹಿಡಿಯುವುದು, ಒತ್ತುತ್ತಲೇ ನಿಧಾನ ಎಳೆಯುವುದು, ಎಲ್ಲ ಕಲಿಸಿದರು. ದಿನದ ಪಂಪ್ ಯಾವುದು ಎಂದು ಅದರ ಮೇಲೆ ಸೂರ್ಯನ ಚಿತ್ರ ಬರೆದುಕೊಟ್ಟರು.

ಆಮೇಲಿನದು ನಮ್ಮ ಒಳ್ಳೆಯ ಕಾಲ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಲೈನಿಂಗ್ ಬಟ್ಟೆ, ಹುಕ್ಕು ತರಲು ಸುಲ್ತಾನ್ ಬಜಾರಿಗೆ ಇವರೂ ಜೊತೆ ಬರತೊಡಗಿದರು. ಗದ್ದಲದಲ್ಲಿ ಚೀಲ ಹೊತ್ತು ಮುಂದೆ ಹೋಗಿ ನಿಂತು, "ಲಗೂ ಬಾ, ಮುದುಕಿ ಆದಿ," ಎಂದು ಛೇಡಿಸುತ್ತಿದ್ದರು. ನನಗೆ ಆಗ ಎಷ್ಟು ಸುಖವಾಗುತ್ತಿತ್ತೆಂದರೆ, ಬೇಕೆಂದೇ ಹಿಂದೆ ಉಳಿಯುತ್ತಿದ್ದೆ.

ಆ ಡಾಕ್ಟರಮ್ಮನಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಪೇಷಂಟ್ ಒಬ್ಬರೇ ಒಳಗೆ ಬರಬೇಕು ಎಂದು ನಿಯಮ ಮಾಡಿದ್ದರು. ಚಳಿ ಬಿದ್ದು, ಇವರಿಗೆ ಮತ್ತೆ ಕೆಮ್ಮು ಶುರುವಾಗಿದ್ದ ದಿನಗಳು. ಒಳಗೆ ಹೋದವರು ಹೋದಷ್ಟೇ ಬೇಗ ನಗುತ್ತ ಹೊರಬಂದರು.

"ಒಂದು ಪಂಪ್ ಕಮ್ಮಿ ಮಾಡ್ಯಾರ. ಸೂರ್ಯಾಂದು ಬಿಡು ಅಂದ್ರು."

ನಾನು ಅವರ ಕೈಯಲ್ಲಿದ್ದ ಚೀಟಿ ಕಸಿದುಕೊಂಡೆ. "ನೀವು ಏನಂದ್ರಿ ಅವರಿಗೆ?"

"ಹೆಂಗದೀರಿ ಅಂದ್ರು. ಆರಾಮ ಅದೀನ್ರಿ ಅಂದೆ. ಮತ್ತೇನಂತಾರ?"

ನಾನು ಬಾಗಿಲಿಗೆ ಓಡಿದೆ. ನಿಮ್ಮ ಪಾಳಿ ಆಯಿತು ಎಂದು ಅಲ್ಲಿ ನಿಂತವನು ಒಳಗೆ ಬಿಡಲಿಲ್ಲ. ಮನೆಯಲ್ಲಿ ದಿನಾ ಬೆಳಿಗ್ಗೆ ಆ ಪಂಪನ್ನು ಇವರ ಮುಂದೆ ಇಟ್ಟೆ, ಬೈದೆ, ಅತ್ತೆ. "ಡಾಕ್ಟರ್ ಬ್ಯಾಡ ಅಂದಾರ. ನೀ ಅವರಕಿಂತ ಶ್ಯಾಣ್ಯಾಕಿ ಏನು?" ಎಂದು ಪಕ್ಕಕ್ಕೆ ಸರಿಸುತ್ತಿದ್ದರು.

ಸಂಕ್ರಾಂತಿಗೆ ಮುಂಚೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದು ಕೂತರು. ದಮ್ಮಿನ ಪಂಪ್ ಎಳೆದರು, ಮತ್ತೆ ಎಳೆದರು, ಏನೂ ಆಗಲಿಲ್ಲ. ಆಟೋದಲ್ಲಿ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕುತ್ತಿದ್ದ ಡಾಕ್ಟರು ಬಗ್ಗಿ, ಈಗ ಹೇಗಿದೆ ಎಂದು ಕೇಳಿದರು. ಮಾತಾಡಲು ಉಸಿರಿರಲಿಲ್ಲ. ಕೈ ಸ್ವಲ್ಪ ಎತ್ತಿ, ಪರವಾಗಿಲ್ಲ ಎನ್ನುವಂತೆ ಆಡಿಸಿದರು. ನಾನು ಕಂಡ ಅವರ ಕೊನೆಯ ಉತ್ತರ ಅದು.

ಮೊನ್ನೆ ಬಿ.ಪಿ. ತೋರಿಸಲು ಹೋಗಿದ್ದೆ. ಈ ಡಾಕ್ಟರೂ ಕಂಪ್ಯೂಟರ್ ನೋಡುತ್ತಲೇ ಹೇಗಿದ್ದೀರಿ ಅಂದರು. ಆರಾಮ ಎನ್ನುವ ಮಾತು ರೂಢಿಯ ಬಲದಿಂದ ನಾಲಿಗೆಗೆ ಬಂದೇ ಬಂತು. ನುಂಗಿದೆ.

"ಆರಾಮ ಇಲ್ಲ," ಅಂದೆ.

ಅವರು ಕೀಲಿಮಣೆಯಿಂದ ಕೈ ತೆಗೆದರು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, "ಏನಾಗ್ತಿದೆ, ಹೇಳಿ," ಅಂದರು. ಇಷ್ಟೇನಾ, ಇಷ್ಟೇ ಸಾಕಿತ್ತಾ ಎಂದು ನನಗೆ ಅಳು ಉಕ್ಕಿ ಬಂತು, ಬಿ.ಪಿ. ಮಾತು ಮರೆತೇ ಹೋಯಿತು.