ಗಂಟಿನ ಅಡಿಯ ತಂತಿ

ತಂತಿ ಚುಚ್ಚುತ್ತದೆ ಎಂದರೆ ಯಾರೂ ನಂಬಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕರಿಮೆಣಸು ಕೊಯ್ಯುತ್ತಿದ್ದಾಗ ಏಣಿ ಜಾರಿ ಬಿದ್ದೆ. ಕುತ್ತಿಗೆಯ ಬುಡದಿಂದ ಬಲಭುಜಕ್ಕೆ ಹೋಗುವ ಎಲುಬು ಮುರಿಯಿತು. ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಕೊಯ್ದು, ಎರಡು ತುಂಡನ್ನೂ ಉಕ್ಕಿನ ತಂತಿಯಿಂದ ಬಿಗಿದು, ಚರ್ಮ ಹೊಲಿದು ಕಳಿಸಿದರು. ತಂತಿ ಇನ್ನು ಒಳಗೇ ಇರುತ್ತದೆ ಎಂದರು. ಎಲುಬು ಕೂಡಿತು. ತಂತಿ ಮಾತ್ರ ನನ್ನೊಡನೆ ಕೂಡಲಿಲ್ಲ.

ತಲೆ ಬಾಚಲು ಕೈ ಎತ್ತಿದರೆ ಚುಚ್ಚುತ್ತಿತ್ತು. ಬಾವಿಯಿಂದ ನೀರು ಸೇದಿದರೆ ಚುಚ್ಚುತ್ತಿತ್ತು. ಚಳಿಗಾಲದ ಬೆಳಿಗ್ಗೆಗಳಲ್ಲಿ ಸುಮ್ಮನೆ ಕೂತರೂ ಒಳಗೆ ಏನೋ ಎಳೆದ ಹಾಗೆ. ಬೆರಳಿಟ್ಟರೆ ಚರ್ಮದ ಅಡಿಯಲ್ಲಿ ಅಕ್ಕಿಕಾಳಿನಷ್ಟು ಒಂದು ತುದಿ ಸಿಗುತ್ತಿತ್ತು. ಹಳೆಯ ರವಿಕೆಯ ಬಟ್ಟೆ ಮಡಿಸಿ ಅದರ ಮೇಲೆ ಇಟ್ಟುಕೊಂಡೆ, ಎಡಮಗ್ಗುಲಲ್ಲೇ ಮಲಗುವುದನ್ನು ಕಲಿತೆ, ಕಾಫಿ ಕೊಯ್ಯುವ ಚೀಲವನ್ನು ಎಡಗಡೆಗೆ ಹಾಕಿಕೊಂಡೆ. ಮತ್ತೆ ಆಸ್ಪತ್ರೆಗೆ ಹೋಗಿ ತೆಗೆದುಬಿಡಿ ಎಂದು ಕೇಳಿದಾಗ ಡಾಕ್ಟರು ಮುಟ್ಟಿಯೂ ನೋಡಲಿಲ್ಲ.

"ಎಲ್ಲಾ ಸರಿಯಾಗಿದೆಯಮ್ಮ. ಅದನ್ನೇ ಯೋಚನೆ ಮಾಡಬೇಡ, ಮನಸ್ಸನ್ನು ಬೇರೆ ಕಡೆ ಹಾಕು," ಎಂದರು.

ಮನಸ್ಸನ್ನು ಹಾಕಬಹುದು, ಭುಜವನ್ನು ಎಲ್ಲಿ ಹಾಕಲಿ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದೆ.

ನಮ್ಮಲ್ಲಿ ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ, ಸೆರಗು ಬಲಭುಜದ ಮೇಲೆ ಬಂದು ಗಂಟಾಗುತ್ತದೆ. ಆ ಗಂಟು ಕೂರುವ ಜಾಗ ತಂತಿಯ ತುದಿಯ ಮೇಲೆಯೇ. ಹಾಗಾಗಿ ಒಂದು ದಿನ ಮೈಸೂರು ಕಡೆಯವರ ಹಾಗೆ ಸೆರಗನ್ನು ಎಡಕ್ಕೆ ಹಾಕಿಕೊಂಡೆ. ಎಷ್ಟೋ ತಿಂಗಳ ಮೇಲೆ ಸಲೀಸಾಗಿ ಉಸಿರಾಡಿದೆ. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯನ್ನು ನಡೆಸುತ್ತಿದ್ದವರು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಗೂಡೆ, ಕೊಡಗು ಮೈಸೂರಿಗೆ ಸೇರ್ದು ಸಾಲ್ದೂಂತ ನಿನ್ನ ಸೆರಗೂ ಸೇರೊಕಾ?"

ಹುಡುಗಿಯನ್ನು ನಮ್ಮಲ್ಲಿ ಗೂಡೆ ಎನ್ನುವುದು. ಅಡುಗೆಮನೆಯೆಲ್ಲ ನಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಮನೆಯೊಳಗೆ ಎಡಸೆರಗಿನಲ್ಲೇ ದಿನ ತಳ್ಳಿದೆ.

ಆಮೇಲೆ ಅಣ್ಣನ ಮದುವೆ ಬಂತು. ಹೊಸ ಹೆಣ್ಣನ್ನು ದೀಪ ಹಿಡಿದು ಒಳಗೆ ಕರೆದುಕೊಳ್ಳಬೇಕಾದವಳು ನಾನು. ಎಡಸೆರಗಿನಲ್ಲಿ ಬಾಗಿಲಿಗೆ ನಿಂತರೆ ನೆಂಟರ ಎದುರು ಮಾನ ಹೋಗುತ್ತದೆ ಎಂದು ದೊಡ್ಡವ್ವ ಹಟ ಹಿಡಿದರು.

"ಗಂಟಿನ ಅಡಿಲೇ ತಂತಿ ಉಟ್ಟು ದೊಡ್ಡವ್ವ. ನಂಗೆ ಬೊತ್ತು," ಎಂದು ಗಂಟು ಬೇಡವೆಂದೆ.

"ತಂತಿಯೂ ಇಲ್ಲೆ, ಎಂತದೂ ಇಲ್ಲೆ. ಸಡಿಲ ಬುಟ್ಟದಕ್ಕೇ ನೋವು. ಬಿಗಿ ಕಟ್ಟೊಕು."

ಮುರಿದ ಎಲುಬಿಗೆ ಸೊಪ್ಪು ಅರೆದಿಟ್ಟು, ಬಿದಿರಿನ ಪಟ್ಟಿ ಕೊಟ್ಟು ಬಿಗಿಯಾಗಿ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಎಷ್ಟು ಬಿಗಿಯೋ ಅಷ್ಟು ಬೇಗ ಗುಣ. ಸೊಪ್ಪಿನ ಕಟ್ಟಿಗೆ ಸರಿಯಾದದ್ದು ಉಕ್ಕಿನ ತಂತಿಗೂ ಸರಿ ಎಂದು ದೊಡ್ಡವ್ವ ನಂಬಿದ್ದರು. ನಾನಿಟ್ಟುಕೊಂಡಿದ್ದ ಬಟ್ಟೆಯ ಮಡಿಕೆಯನ್ನು ಕಿತ್ತೆಸೆದು, ಎರಡೂ ಕೈಯಿಂದ ಎಳೆದು ಗಂಟು ಹಾಕಿದರು. ಕಣ್ಣಲ್ಲಿ ನೀರು ಬಂತು. ಅಣ್ಣ ಮದುವೆಯಾಗುತ್ತಿದ್ದಾನೆಂದು ತಂಗಿಗೆ ಅಳು ಎಂದು ಯಾರೋ ಹೇಳಿದರು. ಅವರ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

ಹೆಣ್ಣು ಹೊಸಿಲಿಗೆ ಬಂದಾಗ ದೀಪ ಎತ್ತಿದೆ. ಭುಜದಲ್ಲಿ ಏನೋ ಪಟ್ಟನೆ ಹರಿಯಿತು. ನನ್ನ ಕಡೆ ಮೊದಲು ನೋಡಿದವಳು ಹೊಸ ಅತ್ತಿಗೆಯೇ.

"ಅಯ್ಯೋ, ರಕ್ತ!" ಎಂದಳು.

ಗಂಟು ಪೂರ್ತಿ ಕೆಂಪಾಗಿತ್ತು. ಬಿಚ್ಚಿದಾಗ ತಂತಿಯ ತುದಿ ಚರ್ಮ ಸೀಳಿ ಹೊರಗೆ ಬಂದು ಎಲ್ಲರ ಕಣ್ಣೆದುರು ನಿಂತಿತ್ತು. ನೋವಿನಲ್ಲೂ ನನಗೆ ಒಂದು ಕೆಟ್ಟ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಅಪ್ಪ ಮಡಿಕೇರಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಮರಗಟ್ಟಿಸುವ ಸೂಜಿ ಚುಚ್ಚಿ, ತಂತಿಯನ್ನು ಎಳೆದು ತೆಗೆದರು. ನಾನು ಕೇಳಿದೆನೆಂದು ತೊಳೆದು ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಮನೆಗೆ ಬಂದಾಗ ದೊಡ್ಡವ್ವ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ಕೈ ಚಾಚಿದರು. ಹತ್ತಿ ಬಿಡಿಸಿ ಅಂಗೈಯಲ್ಲಿ ಇಟ್ಟೆ. ಕಿರುಬೆರಳಿನಷ್ಟೂ ಉದ್ದವಿರದ, ಮುರುಟಿದ ತಂತಿ. ಆಚೆ ಈಚೆ ಹೊರಳಿಸಿ ನೋಡಿದರು.

"ಇಷ್ಟೇನಾ?" ಎಂದರು.

ನಾನು ಅವರ ಬೆರಳುಗಳನ್ನು ಮಡಿಸಿ, ಮುಷ್ಟಿಯ ಮೇಲೆ ನನ್ನ ಎರಡೂ ಕೈಯಿಟ್ಟು ಒತ್ತಿದೆ. ಅವರು ನನಗೆ ಗಂಟು ಹಾಕಿದಷ್ಟೇ ಬಿಗಿಯಾಗಿ.

"ಅಯ್ಯೋ, ಕೈ ಬುಡ್ ಗೂಡೆ!"

"ಇಷ್ಟೇ, ದೊಡ್ಡವ್ವ," ಎಂದೆ. ಕೈ ಬಿಡಲಿಲ್ಲ.